ಅಮ್ಮನ ಬೆರಳ ಗಿಣ್ಣು ಮತ್ತು ಸಂಪಿನ ಬ್ಲೀಚಿಂಗ್ ಪೌಡರ್

ಅಕ್ಟೋಬರ್ 12 ವಿಶ್ವ ಸಂಧಿವಾತ ದಿನ. ಆ ವಾರ ಬಸವನಗುಡಿಯ ಒಂದು ಪುಟ್ಟ ಸಭಾಂಗಣದಲ್ಲಿ ನಾನು ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಎರಡು ಮೂರು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಈಗ ಕೈ ಮುಗಿದೆನಲ್ಲ, ಎರಡು ಅಂಗೈಗಳೂ ಪೂರ್ತಿ ಕೂಡಿದವು. ನನ್ನ ಅಮ್ಮನಿಗೆ ಹೀಗೆ ಕೈ ಮುಗಿಯಲು ಆಗುವುದಿಲ್ಲ. ಬೆರಳ ತುದಿಗಳು ಸೇರುತ್ತವೆ, ಆದರೆ ಅಂಗೈಗಳ ನಡುವೆ ಒಂದು ನಿಂಬೆಹಣ್ಣು ಹಿಡಿಸುವಷ್ಟು ಸಂದು ಉಳಿಯುತ್ತದೆ. ಆ ಸಂದು ಹೇಗೆ ಬಂತು ಅನ್ನುವುದೇ ಇವತ್ತಿನ ಮಾತು.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುವವಳು. ಮಾತ್ರೆ, ಡೋಸು ಎಲ್ಲ ನಿಮ್ಮ ಡಾಕ್ಟರನ್ನೇ ಕೇಳಿ. ಗಿಣ್ಣಿನ ಒಳಗೆ ಏನು ನಡೆಯುತ್ತದೆ ಅನ್ನುವುದನ್ನು ನಾನು ಹೇಳಬಲ್ಲೆ.

ತಂಗಿಯ ಮದುವೆಗೆ ಮುಂಚೆ ಗಾಂಧಿ ಬಜಾರಿಗೆ ಬಳೆ ತೊಡಿಸಿಕೊಳ್ಳಲು ಹೋಗಿದ್ದೆವು. ಬಳೆ ತೊಡಿಸುವವರು ಕೈ ಹೇಗೆ ಹಿಡಿಯುತ್ತಾರೆ ನಿಮಗೆ ಗೊತ್ತು. ಹೆಬ್ಬೆರಳನ್ನು ಒಳಕ್ಕೆ ಮಡಚುತ್ತಾರೆ. ಗಿಣ್ಣುಗಳನ್ನು ಎರಡೂ ಕಡೆಯಿಂದ ಒತ್ತಿ ಕೈಯನ್ನು ಸಣ್ಣದು ಮಾಡುತ್ತಾರೆ. ಆಮೇಲೆ ಹಸಿರು ಗಾಜಿನ ಬಳೆ ಮೆಲ್ಲಗೆ ದಾಟುತ್ತದೆ. ಅಮ್ಮನ ಕೈ ಒತ್ತಿದ್ದೇ ತಡ, ಅಮ್ಮ ಚೀರಿಬಿಟ್ಟಳು. ಅಂಗಡಿಯವರು ಗಾಬರಿಯಾದರು. "ಏನಿಲ್ಲ, ಕೆಲಸ ಜಾಸ್ತಿ ಆಗಿದೆ, ಕೈ ಊದಿಕೊಂಡಿದೆ" ಅಂತ ಅಮ್ಮ ಸಮಾಧಾನ ಮಾಡಿದಳು. ಒಂದು ಸೈಜು ದೊಡ್ಡ ಬಳೆ ತೆಗೆದುಕೊಂಡು ಬಂದೆವು.

ವರ್ಷಗಳಾದ ಮೇಲೆ ನನಗೆ ತಿಳಿಯಿತು, ಡಾಕ್ಟರುಗಳು ಮಾಡುವ ಪರೀಕ್ಷೆಯೂ ಇದೇ. ರೋಗಿಯ ಕೈ ಹಿಡಿದು ನಾಲ್ಕು ಗಿಣ್ಣುಗಳನ್ನು ಅಡ್ಡಲಾಗಿ ಒತ್ತುತ್ತಾರೆ. ನೋವಾದರೆ ರುಮಟಾಯ್ಡ್ ಅನ್ನುವ ಬಗೆಯ ಸಂಧಿವಾತ ಇರಬಹುದಾ ಅಂತ ನೋಡುತ್ತಾರೆ. ನಮ್ಮ ಪಾಲಿಗೆ ಆ ಪರೀಕ್ಷೆ ಗಾಂಧಿ ಬಜಾರಿನಲ್ಲೇ ಆಗಿಹೋಗಿತ್ತು.

ಆಮೇಲಿನ ಎರಡು ವರ್ಷ ಹೇಳಲು ಸಂಕಟವಾಗುತ್ತದೆ. ಬೆಳಿಗ್ಗೆ ಎದ್ದರೆ ಅಮ್ಮನ ಕೈ ಬಿಗಿದಿರುತ್ತಿತ್ತು. ಕಾಫಿ ಫಿಲ್ಟರ್‌ನ ಮುಚ್ಚಳ ತೆಗೆಯಲು ಆಗುತ್ತಿರಲಿಲ್ಲ. ಬಾಗಿಲ ಮುಂದಿನ ರಂಗೋಲಿಯ ಎಳೆ ನಡುನಡುವೆ ತುಂಡಾಗುತ್ತಿತ್ತು, ಪುಡಿ ಹಿಡಿದ ಬೆರಳು ಒತ್ತಲು ಒಪ್ಪುತ್ತಿರಲಿಲ್ಲ. ಹತ್ತು ಗಂಟೆಯ ಮೇಲೆ ಕೈ ಸ್ವಲ್ಪ ಸಡಿಲವಾಗುತ್ತಿತ್ತು. ಒಂದು ಕ್ಲಿನಿಕ್ಕಿನಲ್ಲಿ "ವಯಸ್ಸಾಯಿತು, ಸವೆತ" ಅಂದರು. ಆಗ ಅಮ್ಮನಿಗೆ ನಲವತ್ತೊಂಬತ್ತು. ಇನ್ನೊಬ್ಬರು ಒಂದು ಪುಡಿ ಕೊಟ್ಟರು. ಒಂದೇ ವಾರದಲ್ಲಿ ನೋವು ಮಾಯ! ಮನೆಯವರೆಲ್ಲ ಅವರನ್ನು ಹಾಡಿ ಹೊಗಳಿದೆವು. ಎರಡು ತಿಂಗಳಿಗೆ ಅಮ್ಮನ ಮುಖ ದುಂಡಗಾಯಿತು, ಶುಗರ್ ಏರಿತು. ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದ್ದರು. ಅಷ್ಟು ಹೊತ್ತಿಗೆ ಗಿಣ್ಣಿನ ಮೂಳೆ ತಿಂದುಹೋಗಿತ್ತು. ತಿಂದುಹೋದ ಮೂಳೆ ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ.

ಹಾಗಾಗಿ ಒಂದು ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಳ್ಳಿ. ಮಂಡಿ ಸವೆತದ ನೋವು ನಡೆದಷ್ಟೂ ಜಾಸ್ತಿಯಾಗುತ್ತದೆ, ಕೂತರೆ ಕಡಿಮೆಯಾಗುತ್ತದೆ. ರುಮಟಾಯ್ಡ್ ಉಲ್ಟಾ. ರಾತ್ರಿಯೆಲ್ಲ ಮಲಗಿ ಎದ್ದಾಗಲೇ ಬಿಗಿತ ಜಾಸ್ತಿ, ಅದು ಅರ್ಧ ಗಂಟೆ, ಒಂದು ಗಂಟೆ ಮೀರಿಯೂ ಇರುತ್ತದೆ. ಎರಡೂ ಕೈಗೆ, ಸಣ್ಣ ಕೀಲುಗಳಿಗೆ ಒಟ್ಟೊಟ್ಟಿಗೆ ಬರುತ್ತದೆ. ಸಾವಿರ ಜನರಲ್ಲಿ ಐದರಿಂದ ಹತ್ತು ಜನರಿಗೆ ಈ ಕಾಯಿಲೆ ಇದೆ. ಒಬ್ಬ ಗಂಡಸಿಗೆ ಎರಡು ಮೂರು ಹೆಂಗಸರ ಲೆಕ್ಕ. ಇದರಲ್ಲಿ ಕೀಲನ್ನು ಕೆಡಿಸುವುದು ನಮ್ಮನ್ನು ಕಾಯಬೇಕಾದ ರಕ್ಷಣಾ ಪಡೆಯೇ.

ಅದು ಯಾಕೆ ಹಾಗೆ ತಿರುಗಿ ಬೀಳುತ್ತದೆ? ಕಲ್ಲಂಗಡಿ ಹಣ್ಣಿನಿಂದ ಶುರು ಮಾಡುತ್ತೇನೆ.

1914ರಲ್ಲಿ ಜಪಾನಿನ ಇಬ್ಬರು ವಿಜ್ಞಾನಿಗಳು ಕಲ್ಲಂಗಡಿ ರಸದಲ್ಲಿ ಒಂದು ಅಮೈನೋ ಆಮ್ಲ ಕಂಡರು. ಮುಂದೆ ಅದಕ್ಕೆ ಸಿಟ್ರುಲಿನ್ ಅನ್ನುವ ಹೆಸರು ಬಂತು. ಕಲ್ಲಂಗಡಿಯ ಲ್ಯಾಟಿನ್ ಹೆಸರು ಸಿಟ್ರುಲಸ್, ಅದರಿಂದ ಸಿಟ್ರುಲಿನ್. ಪ್ರೊಟೀನ್ ಅನ್ನುವುದು ಅಮೈನೋ ಆಮ್ಲಗಳೆಂಬ ಇಪ್ಪತ್ತು ಅಕ್ಷರಗಳಲ್ಲಿ ಬರೆದ ಉದ್ದನೆಯ ಪದ ಅಂದುಕೊಳ್ಳಿ. ಆ ಇಪ್ಪತ್ತರಲ್ಲಿ ಸಿಟ್ರುಲಿನ್ ಇಲ್ಲ, ಅರ್ಜಿನಿನ್ ಇದೆ. ಆದರೆ ಪ್ರೊಟೀನ್ ತಯಾರಾದ ಮೇಲೆ ಪ್ಯಾಡ್ ಅನ್ನುವ ಒಂದು ಕಿಣ್ವ ಬಂದು ಅಲ್ಲಲ್ಲಿ ಅರ್ಜಿನಿನ್ ಅನ್ನು ತಿದ್ದಿ ಸಿಟ್ರುಲಿನ್ ಮಾಡುತ್ತದೆ. ತೂಕದಲ್ಲಿ ಆಗುವ ಬದಲಾವಣೆ ಒಂದು ಹೈಡ್ರೋಜನ್ ಪರಮಾಣುವಿನಷ್ಟೂ ಇಲ್ಲ. ಆದರೆ ಅರ್ಜಿನಿನ್‌ಗೆ ಇದ್ದ ಧನ ವಿದ್ಯುದಂಶ ಹೊರಟುಹೋಗುತ್ತದೆ. ನಮ್ಮ ಬರವಣಿಗೆಯಲ್ಲಿ 'ಕುಡಿ' ಅನ್ನುವುದರ ಒಂದು ಕೊಂಬು ಅಳಿಸಿ ನೋಡಿ. 'ಕಡಿ' ಆಗುತ್ತದೆ. ಅಳಿಸಿದ್ದು ಒಂದು ಗೀಟು, ಬದಲಾಗಿದ್ದು ಪೂರ್ತಿ ಅರ್ಥ.

ಈ ತಿದ್ದುವಿಕೆ ರೋಗವೇನಲ್ಲ. ಚರ್ಮದ ಮೇಲ್ಪದರ ಗಟ್ಟಿಯಾಗಲು ಇದು ಬೇಕು. ಎಲ್ಲಿ ಊತವಿದ್ದರೂ ಇದು ನಡೆಯುತ್ತದೆ, ನಿಮ್ಮಲ್ಲೂ ನನ್ನಲ್ಲೂ. ಆದರೆ ರುಮಟಾಯ್ಡ್ ಇರುವ ಬಹಳ ಜನರಲ್ಲಿ ರಕ್ಷಣಾ ಪಡೆ ಈ ತಿದ್ದಿದ ಪ್ರೊಟೀನನ್ನು ಪರಕೀಯ ಅಂತ ತಿಳಿದು ಅದನ್ನು ಹಿಡಿಯುವ ಪ್ರತಿಕಾಯ, ಅಂದರೆ ಆಂಟಿಬಾಡಿ, ಮಾಡುತ್ತದೆ. ಇಲ್ಲಿ ಸಿಟ್ರುಲಿನ್ನೇ ಮುಖ್ಯ ಅಂತ ನೆದರ್ಲೆಂಡ್ಸಿನ ಸಂಶೋಧಕರು 1998ರಲ್ಲಿ ತೋರಿಸಿದರು. ನೀವು ಲ್ಯಾಬಿನಲ್ಲಿ ಮಾಡಿಸುವ ಆಂಟಿ-ಸಿಸಿಪಿ ಪರೀಕ್ಷೆ ಅಲ್ಲಿಂದ ಬಂದದ್ದು. ಅದರಲ್ಲಿ ನಡುವಿನ 'ಸಿ' ಅಂದರೆ ಸಿಟ್ರುಲಿನ್ ಇರುವ ಅಂತ.

ಎಲ್ಲರಿಗೂ ಯಾಕೆ ಹೀಗಾಗಲ್ಲ? ನಮ್ಮ ಜೀವಕೋಶಗಳು ಪ್ರೊಟೀನಿನ ಚೂರುಗಳನ್ನು ಒಂದು ತಟ್ಟೆಯಲ್ಲಿಟ್ಟು ರಕ್ಷಣಾ ಪಡೆಗೆ ತೋರಿಸುತ್ತವೆ. ಆ ತಟ್ಟೆಗೆ ಎಚ್‌ಎಲ್‌ಎ ಅಂತ ಹೆಸರು. ಕೆಲವರಿಗೆ ಹುಟ್ಟಿನಿಂದ ಬಂದ ತಟ್ಟೆಯಲ್ಲಿ ಒಂದು ಗುಂಡಿಗೆ ಧನ ವಿದ್ಯುದಂಶ ಇರುತ್ತದೆ. ಅರ್ಜಿನಿನ್‌ಗೂ ಅದೇ. ಎರಡೂ ಒಂದನ್ನೊಂದು ತಳ್ಳುತ್ತವೆ, ಚೂರು ಕೂರುವುದಿಲ್ಲ. ವಿದ್ಯುದಂಶ ಕಳೆದುಕೊಂಡ ಸಿಟ್ರುಲಿನ್ ಮಾತ್ರ ಆರಾಮಾಗಿ ಕೂರುತ್ತದೆ. ಅದರ ಜೊತೆ ಬೀಡಿ ಸಿಗರೇಟು ಸೇರಿದರೆ ಅಪಾಯ ಇನ್ನಷ್ಟು ಏರುತ್ತದೆ. ಹೊಗೆ ಶ್ವಾಸಕೋಶದಲ್ಲಿ ಈ ತಿದ್ದುವ ಕೆಲಸವನ್ನು ಜಾಸ್ತಿ ಮಾಡಿಸುತ್ತದೆ. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳಿಗೂ ಈ ಕಾಯಿಲೆಗೂ ನಂಟಿದೆ. ಒಸಡಿನ ಕಾಯಿಲೆ ತರುವ ಪಾರ್ಫಿರೋಮೊನಾಸ್ ಜಿಂಜಿವಾಲಿಸ್ ಅನ್ನುವ ಬ್ಯಾಕ್ಟೀರಿಯಾದ ಬಳಿ ಸ್ವಂತದ್ದೇ ಒಂದು ಪ್ಯಾಡ್ ಕಿಣ್ವ ಇದೆ. ಹಾಗಾಗಿ ಬೆಂಕಿಯ ಮೊದಲ ಕಿಡಿ ಕೀಲಿನಲ್ಲಿ ಅಲ್ಲ, ಬಾಯಲ್ಲೋ ಶ್ವಾಸಕೋಶದಲ್ಲೋ ಬೀಳುತ್ತದೆ ಅಂತ ಬಹಳ ಸಂಶೋಧಕರು ಯೋಚಿಸುತ್ತಾರೆ. ಸ್ವೀಡನ್ನಿನಲ್ಲಿ ರೋಗ ಬಂದವರ ಹಳೆಯ ರಕ್ತದ ಮಾದರಿಗಳನ್ನು ತೆಗೆದು ನೋಡಿದಾಗ, ಮೊದಲ ನೋವಿಗೆ ವರ್ಷಗಳ ಮುಂಚೆಯೇ ಈ ಪ್ರತಿಕಾಯ ಸಿಕ್ಕಿತು. ಅಂದರೆ ಅಮ್ಮ ಬಳೆ ಅಂಗಡಿಗೆ ಹೋಗುವ ಎಷ್ಟೋ ಮುಂಚೆ ಅವಳ ರಕ್ತದಲ್ಲಿ ಇದು ಇದ್ದಿರಬಹುದು.

ಈಗ ಬ್ಲೀಚಿಂಗ್ ಪೌಡರಿಗೆ ಬರುತ್ತೇನೆ.

ನಿಮ್ಮ ಮನೆಯ ಸಂಪ್ ತೊಳೆಸಿದ ದಿನ ನೆನಪಿಸಿಕೊಳ್ಳಿ. ಟ್ಯಾಂಕರ್ ನೀರು ತುಂಬಿಸಿ ಬ್ಲೀಚಿಂಗ್ ಪೌಡರ್ ಹಾಕುತ್ತೇವೆ. ಮೂಗಿಗೆ ಕಟುವಾಗಿ ಹೊಡೆಯುತ್ತದೆ. ನೀರಿನಲ್ಲಿ ಕ್ರಿಮಿ ಕೊಲ್ಲುವುದು ಅದರಿಂದ ಹುಟ್ಟುವ ಹೈಪೋಕ್ಲೋರಸ್ ಆಮ್ಲ. ಇದೇ ಆಮ್ಲವನ್ನು ನಮ್ಮ ರಕ್ತದ ನ್ಯೂಟ್ರೋಫಿಲ್ ಅನ್ನುವ ಬಿಳಿ ಕಣಗಳು ದಿನವೂ ತಯಾರಿಸುತ್ತವೆ. ಕ್ರಿಮಿ ಎದುರಾದರೆ ಅವು ಆಮ್ಲಜನಕವನ್ನು ಹೀರಿ ಸೂಪರ್ ಆಕ್ಸೈಡ್ ಮಾಡುತ್ತವೆ. ಅದು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಆಮೇಲೆ ಮೈಲೋಪೆರಾಕ್ಸಿಡೇಸ್ ಅನ್ನುವ ಕಿಣ್ವ ಅದಕ್ಕೆ ಉಪ್ಪಿನ ಕ್ಲೋರೈಡ್ ಕೂಡಿಸಿ ಹೈಪೋಕ್ಲೋರಸ್ ಆಮ್ಲ ಮಾಡುತ್ತದೆ. ಕೀವಿಗೆ, ಗಟ್ಟಿ ಕಫಕ್ಕೆ ಹಸಿರು ಛಾಯೆ ಬರುವುದು ಈ ಕಿಣ್ವದ ಬಣ್ಣದಿಂದ.

ಸಂಪಿನಲ್ಲಿ ಇರುವವರೆಗೆ ಬ್ಲೀಚಿಂಗ್ ಪೌಡರ್ ಒಳ್ಳೆಯದೇ. ಬಣ್ಣದ ಸೀರೆಯ ಮೇಲೆ ಬಿದ್ದರೆ? ಅಲ್ಲಿ ಬಿಳಿ ಕಲೆ, ಆಮೇಲೆ ತೂತು. ಆರೋಗ್ಯವಾಗಿರುವ ಕೀಲಿನ ದ್ರವದಲ್ಲಿ ಒಂದು ಮೈಕ್ರೋಲೀಟರಿಗೆ 200ಕ್ಕಿಂತ ಕಡಿಮೆ ಬಿಳಿ ಕಣ ಇರುತ್ತವೆ. ರುಮಟಾಯ್ಡ್ ಕೆರಳಿದ ಕೀಲಿನಲ್ಲಿ ಅದು 2,000 ದಾಟಿ, ಕೆಲವೊಮ್ಮೆ 50,000ದವರೆಗೆ ಹೋಗುತ್ತದೆ. ಕೊಲ್ಲಲು ಅಲ್ಲಿ ಕ್ರಿಮಿಯೇ ಇಲ್ಲ. ಇರುವುದು ನಮ್ಮದೇ ಪ್ರೊಟೀನು. ಆಮ್ಲ ಅದರ ಮೇಲೇ ಬೀಳುತ್ತದೆ.

ಆಗ ಪ್ರೊಟೀನಿಗೆ ಏನಾಗುತ್ತದೆ? ಅದರ ಟೈರೋಸಿನ್ ಅನ್ನುವ ಅಕ್ಷರಕ್ಕೆ ಕ್ಲೋರಿನ್ ಅಂಟಿಕೊಳ್ಳುತ್ತದೆ, ಇಲ್ಲವೇ ನೈಟ್ರೋ ಗುಂಪು ಅಂಟಿಕೊಳ್ಳುತ್ತದೆ. ಕೆಲವು ಕಡೆ ಕಾರ್ಬೊನಿಲ್ ಅನ್ನುವ ಗುಂಪು ಏಳುತ್ತದೆ. ಲೈಸಿನ್ ಅನ್ನುವುದು ಹೋಮೋಸಿಟ್ರುಲಿನ್ ಆಗುತ್ತದೆ. ಇದಕ್ಕೆ ಕಾರ್ಬಮೈಲೇಷನ್ ಅನ್ನುತ್ತಾರೆ, ಇದರ ವಿರುದ್ಧವೂ ಪ್ರತಿಕಾಯ ಹುಟ್ಟುತ್ತದೆ. ಕೀಲಿನ ಮೃದ್ವಸ್ಥಿಯಲ್ಲಿರುವ ಕೊಲಾಜನ್ ಅನ್ನುವ ಪ್ರೊಟೀನ್ ಕೂಡ ಹೀಗೆ ಕೆಡುತ್ತದೆ. ಕೆಟ್ಟ ಕೊಲಾಜನ್ ಕಂಡರೆ ಪ್ರತಿಕಾಯ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ರಕ್ಷಣಾ ಪಡೆಯ ಕಣಗಳು ಎಳೆತನದಲ್ಲೇ ಎದೆಯ ಥೈಮಸ್ ಗ್ರಂಥಿಯಲ್ಲಿ 'ಇದು ನಮ್ಮದು' ಅಂತ ಪಾಠ ಕಲಿತಿರುತ್ತವೆ. ಸುಟ್ಟು ಸೊಟ್ಟಗಾದ ಈ ಪ್ರೊಟೀನುಗಳು ಆ ಪಾಠದಲ್ಲಿ ಬಂದಿರುವುದಿಲ್ಲ.

ಇದರಲ್ಲಿ ನನ್ನನ್ನು ಬಹಳ ಕಾಡಿದ್ದು ಪ್ರತಿಕಾಯದ ಕತೆ. 1940ರಲ್ಲಿ ನಾರ್ವೆಯ ಎರಿಕ್ ವಾಲರ್ ಒಂದು ವಿಚಿತ್ರ ಕಂಡರು. ರುಮಟಾಯ್ಡ್ ರೋಗಿಯ ರಕ್ತದ ಸೀರಮ್ಮು, ಪ್ರತಿಕಾಯ ಸವರಿದ ಕುರಿಯ ಕೆಂಪು ಕಣಗಳನ್ನು ಗುಂಪುಗಟ್ಟಿಸಿತು. ಅಂದರೆ ಅದರಲ್ಲಿ ಪ್ರತಿಕಾಯದ ವಿರುದ್ಧವೇ ಇರುವ ಪ್ರತಿಕಾಯ ಇತ್ತು. ರುಮಟಾಯ್ಡ್ ಫ್ಯಾಕ್ಟರ್, ನೀವು ಆರ್‌ಎ ಫ್ಯಾಕ್ಟರ್ ಅನ್ನುತ್ತೀರಲ್ಲ, ಅದೇ ಇದು. ನಮ್ಮದೇ ಪ್ರತಿಕಾಯವನ್ನು ನಾವೇ ಯಾಕೆ ಹಿಡಿಯಬೇಕು? 1980ರ ದಶಕದಲ್ಲಿ ಬ್ರಿಟನ್ನಿನ ಸಂಶೋಧಕರು ಒಂದು ಉತ್ತರ ಕೊಟ್ಟರು. ನ್ಯೂಟ್ರೋಫಿಲ್ ಉಗುಳಿದ ಆಕ್ಸಿಡೆಂಟುಗಳು, ಅಂದರೆ ಆಗ ಹೇಳಿದ ಸೂಪರ್ ಆಕ್ಸೈಡ್, ಹೈಪೋಕ್ಲೋರಸ್ ಆಮ್ಲದಂಥವು, ಪ್ರತಿಕಾಯವನ್ನು ಕೆಡಿಸುತ್ತವೆ. ಕೆಟ್ಟ ಪ್ರತಿಕಾಯಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ರುಮಟಾಯ್ಡ್ ಫ್ಯಾಕ್ಟರ್ ಆ ಮುದ್ದೆಯನ್ನು ಹಿಡಿಯುತ್ತದೆ. ಮುದ್ದೆ ಕಂಡ ಹೊಸ ನ್ಯೂಟ್ರೋಫಿಲ್ ಓಡಿ ಬಂದು ಮತ್ತೆ ಉಗುಳುತ್ತದೆ. ಹೊರಗಿನಿಂದ ಸೌದೆ ಬೇಡ. ಒಲೆ ತನ್ನ ಇಟ್ಟಿಗೆಯನ್ನೇ ಉರಿಸಿಕೊಳ್ಳುತ್ತಿದೆ.

ನ್ಯೂಟ್ರೋಫಿಲ್ ಸಾಯುವಾಗಲೂ ಸುಮ್ನೆ ಸಾಯುವುದಿಲ್ಲ. ತನ್ನ ಡಿಎನ್‌ಎಯನ್ನೇ ಬಲೆಯ ಹಾಗೆ ಹೊರಗೆ ಎಸೆಯುತ್ತದೆ. ಇದು ಗೊತ್ತಾಗಿದ್ದು 2004ರಲ್ಲಿ. ಬಲೆ ಬಿಚ್ಚಿಕೊಳ್ಳಲು ಹೆಚ್ಚಾಗಿ ಆಕ್ಸಿಡೆಂಟುಗಳು ಬೇಕು, ಪ್ಯಾಡ್ ಕಿಣ್ವವೂ ಬೇಕು. ಬಲೆಯ ಮೇಲೆ ಸಿಟ್ರುಲಿನ್ ಆದ ಪ್ರೊಟೀನುಗಳು ಹರಡಿಕೊಂಡಿರುತ್ತವೆ. ನಾನು ಇಷ್ಟು ಹೊತ್ತು ಬೇರೆ ಬೇರೆ ಹೇಳಿದ ಎರಡು ಕತೆಗಳು, ಕಲ್ಲಂಗಡಿಯದು ಮತ್ತು ಬ್ಲೀಚಿಂಗ್ ಪೌಡರಿನದು, ಈ ಬಲೆಯಲ್ಲಿ ಸೇರುತ್ತವೆ.

ಊದಿದ ಮಂಡಿಯ ಬಗ್ಗೆ ಒಂದು ಮಾತು. ಒಳಗೆ ದ್ರವ ತುಂಬಿರುವಾಗ ಭಾರ ಹಾಕಿದರೆ ಒತ್ತಡ ಏರಿ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಭಾರ ತೆಗೆದಾಗ ರಕ್ತ ಮತ್ತೆ ನುಗ್ಗುತ್ತದೆ. ಆಮ್ಲಜನಕ ಕಡಿಮೆಯಾಗಿ ಮತ್ತೆ ಒಮ್ಮೆಲೇ ಬಂದಾಗ ಆಕ್ಸಿಡೆಂಟುಗಳು ಹುಟ್ಟುತ್ತವೆ. ಅದಕ್ಕೇ ಕೀಲು ಕೆಂಪಗೆ ಕೆರಳಿದ ದಿನ ಅದಕ್ಕೆ ಬಿಡುವು ಕೊಡಿ. ಊತ ಇಳಿದ ಮೇಲೆ ವ್ಯಾಯಾಮ ಬೇಕೇ ಬೇಕು, ಫಿಸಿಯೋಥೆರಪಿಯವರು ಹೇಳಿದ್ದನ್ನು ಬಿಡಬೇಡಿ.

ಇಷ್ಟು ಕೇಳಿದ ಮೇಲೆ ನಿಮ್ಮ ಮನಸ್ಸಿಗೆ ಬಂದದ್ದು ನನಗೆ ಗೊತ್ತು. ನನಗೂ ಮೊದಲು ಅದೇ ಬಂತು. ಬಾಳೆ ಹೂವು ಹೆಚ್ಚಿ ಮಜ್ಜಿಗೆಗೆ ಹಾಕಿದರೆ ಕಪ್ಪಾಗುವುದಿಲ್ಲ, ಅಲ್ವಾ? ಹಾಗೇ ಆಕ್ಸಿಡೆಂಟನ್ನು ತಡೆಯುವ ಆಂಟಿ ಆಕ್ಸಿಡೆಂಟ್ ತಗೊಂಡರೆ ಕೀಲು ಉಳಿಯಬಹುದಲ್ಲ? ಅಮ್ಮನಿಗೆ ವಿಟಮಿನ್ ಇ ತಂದೆ, ನೆಲ್ಲಿಕಾಯಿ ತಂದೆ, ಅರಿಶಿನದ ಕ್ಯಾಪ್ಸೂಲ್ ತಂದೆ. ಆಮೇಲೆ ಕೂತು ಓದಿದೆ.

ಅಮೆರಿಕದಲ್ಲಿ ಸುಮಾರು 39,000 ಹೆಂಗಸರಿಗೆ ಹತ್ತು ವರ್ಷ ದಿನ ಬಿಟ್ಟು ದಿನ ವಿಟಮಿನ್ ಇ ಅಥವಾ ಖಾಲಿ ಮಾತ್ರೆ ಕೊಟ್ಟು ನೋಡಿದ್ದಾರೆ. ವಿಟಮಿನ್ ಇ ರುಮಟಾಯ್ಡ್ ಬರುವುದನ್ನು ತಡೆಯಲಿಲ್ಲ. ಇದಕ್ಕಿಂತ ದೊಡ್ಡ ಅಚ್ಚರಿ 2003ರಲ್ಲಿ ಸ್ವೀಡನ್ನಿನಿಂದ ಬಂತು. ಕೆಲವು ಇಲಿಗಳಿಗೆ ಯಾಕೆ ಕೀಲುರೋಗ ಜೋರಾಗಿ ಬರುತ್ತದೆ ಅಂತ ಹುಡುಕುತ್ತ ಹೋದಾಗ ಸಿಕ್ಕಿದ್ದು ಎನ್‌ಸಿಎಫ್1 ಅನ್ನುವ ಜೀನ್. ಅದು ಸೂಪರ್ ಆಕ್ಸೈಡ್ ಮಾಡುವ ಯಂತ್ರದ ಒಂದು ಭಾಗ. ರೋಗ ಜೋರಾಗಿದ್ದ ಇಲಿಗಳಲ್ಲಿ ಆಕ್ಸಿಡೆಂಟು ಹುಟ್ಟುವುದು ಜಾಸ್ತಿ ಇರಲಿಲ್ಲ, ಕಡಿಮೆ ಇತ್ತು. ನಾನು ಆ ಪುಟವನ್ನು ಎರಡು ಸಲ ಓದಿದೆ. ಅದೇ ಆಕ್ಸಿಡೆಂಟು ರಕ್ಷಣಾ ಪಡೆಯ ಟಿ ಕಣಗಳ ಆವೇಶಕ್ಕೆ ಕಡಿವಾಣವನ್ನೂ ಹಾಕುತ್ತದೆ. ಈ ಯಂತ್ರ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳೂ ಇದ್ದಾರೆ. ಅವರಿಗೆ ಪದೇ ಪದೇ ಸೋಂಕು ಬರುತ್ತದೆ, ಸ್ವಂತ ದೇಹದ ಮೇಲೆ ರಕ್ಷಣಾ ಪಡೆ ತಿರುಗಿಬೀಳುವ ತೊಂದರೆಗಳೂ ಜಾಸ್ತಿ. ಹೀಗಿರುವಾಗ ಒಂದು ಮಾತ್ರೆ ನುಂಗಿ ಮೈಯಲ್ಲಿರುವ ಆಕ್ಸಿಡೆಂಟನ್ನೆಲ್ಲ ಒರೆಸಿಹಾಕುವ ಆಸೆ ಬೇಡ.

ಎಲ್ಲಿ, ಯಾವಾಗ, ಎಷ್ಟು ಅನ್ನುವುದು ಗೊತ್ತಿರುವ ಅಣು ಬೇಕು. ನಮ್ಮ ಊರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಜಿ. ಮುಗೇಶ್ ಅವರ ತಂಡ ಆ ದಾರಿಯಲ್ಲಿ ಕೆಲಸ ಮಾಡುತ್ತಿದೆ. ದೇಹದ ಸ್ವಂತ ಆಂಟಿ ಆಕ್ಸಿಡೆಂಟ್ ಕಿಣ್ವದ ಕೆಲಸವನ್ನು ವೆನೇಡಿಯಂ ಆಕ್ಸೈಡಿನ ನ್ಯಾನೋ ತಂತಿಗಳಿಂದ ಮಾಡಿಸಬಹುದು ಅಂತ ಅವರು 2014ರಲ್ಲಿ ತೋರಿಸಿದರು. ಅದು ಪ್ರಯೋಗಶಾಲೆಯ ಜೀವಕೋಶಗಳಲ್ಲಿ ಕಂಡ ಫಲ, ಸಂಧಿವಾತದ ಔಷಧಿಯಲ್ಲ. ಆದರೂ ಯಶವಂತಪುರದ ಕಡೆ ಬಸ್ಸಿನಲ್ಲಿ ಹೋಗುವಾಗ ಆ ಸಂಸ್ಥೆಯ ಮರಗಳ ಸಾಲು ಕಂಡರೆ ನನಗೆ ಇದೇ ನೆನಪಾಗುತ್ತದೆ.

ಇವತ್ತು ಕೈಯಲ್ಲಿರುವ ಔಷಧಿ ಮೆಥೊಟ್ರೆಕ್ಸೇಟ್. ಇದರ ಹಿಂದೆ ಭೀಮವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಇದ್ದಾರೆ. ಈ ಗುಂಪಿನ ಔಷಧಿಗಳು ಅವರು ಮುನ್ನಡೆಸಿದ ಪ್ರಯೋಗಶಾಲೆಯಿಂದ ಬಂದವು, ಮೊದಲು ರಕ್ತದ ಕ್ಯಾನ್ಸರಿಗೆ. ಆಮೇಲೆ ತೀರಾ ಸಣ್ಣ ಡೋಸಿನಲ್ಲಿ ಕೀಲಿಗೆ. ಅದು ಆಕ್ಸಿಡೆಂಟನ್ನು ಹುಡುಕಿಕೊಂಡು ಹೋಗುವುದಿಲ್ಲ. ಉರಿಯನ್ನೇ ಇಳಿಸುತ್ತದೆ, ನ್ಯೂಟ್ರೋಫಿಲ್ ಬರುವುದೇ ಕಡಿಮೆಯಾಗುತ್ತದೆ. ರೋಗ ಶುರುವಾದ ಮೊದಲ ಮೂರರಿಂದ ಆರು ತಿಂಗಳಲ್ಲಿ ಚಿಕಿತ್ಸೆ ಸಿಕ್ಕರೆ ಗಿಣ್ಣು ಉಳಿಯುವ ಸಾಧ್ಯತೆ ಬಹಳ ಜಾಸ್ತಿ. ನಾವು ಕಳೆದದ್ದು ಎರಡು ವರ್ಷ.

ಕೈ ಮುಗಿದು ಕೇಳುತ್ತೇನೆ, ಒಂದು ವಿಷಯ ಮಾತ್ರ ಮರೆಯಬೇಡಿ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ತಗೊಂಡು ಪ್ರಾಣ ಹೋದವರಿದ್ದಾರೆ. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಮಂಗಳವಾರಕ್ಕೆ ಅಮ್ಮ ಕುಂಕುಮದ ಬೊಟ್ಟು ಇಡುತ್ತಾಳೆ. ಮಾತ್ರೆ ನುಂಗಿದ ಮೇಲೆ ಬೊಟ್ಟಿನ ಮೇಲೆ ಪೆನ್ನಿನ ಗೀಟು. ರಕ್ತ ಪರೀಕ್ಷೆಯ ದಿನಕ್ಕೆ ಅರಿಶಿನದ ಬೊಟ್ಟು.

ಆಮೇಲೆ ಪ್ರಶ್ನೆಗಳು ಬಂದವು. ಆಂಟಿ-ಸಿಸಿಪಿ ಪಾಸಿಟಿವ್ ಇದೆ, ನೋವಿಲ್ಲ, ಏನು ಮಾಡಲಿ ಅಂತ ಒಬ್ಬರು ಕೇಳಿದರು. ಪಾಸಿಟಿವ್ ಬಂದವರೆಲ್ಲರಿಗೂ ರೋಗ ಬರುವುದಿಲ್ಲ. ಸಿಗರೇಟು ಬಿಡಿ, ಒಸಡು ತೋರಿಸಿ, ರುಮಟಾಲಜಿಸ್ಟ್, ಅಂದರೆ ಈ ಕಾಯಿಲೆಯ ತಜ್ಞ ಡಾಕ್ಟರ, ಕಣ್ಗಾವಲಿನಲ್ಲಿ ಇರಿ ಅಂದೆ. ಈ ಪ್ರತಿಕಾಯ ಇದ್ದು ಕೀಲು ನೋವು ಶುರುವಾದ ಜನರಿಗೆ, ಊತ ಬರುವ ಮುಂಚೆಯೇ ಅಬಾಟಸೆಪ್ಟ್ ಅನ್ನುವ ಔಷಧಿ ಕೊಟ್ಟ ಪ್ರಯೋಗಗಳ ಫಲ 2024ರಲ್ಲಿ ಬಂದಿದೆ. ಹಲವರಲ್ಲಿ ರೋಗ ಶುರುವಾಗುವುದು ತಡವಾಯಿತು, ಔಷಧಿ ನಿಲ್ಲಿಸಿದ ಮೇಲೆ ಆ ಲಾಭ ಕ್ರಮೇಣ ಕಡಿಮೆಯಾಯಿತು. ಆಂಟಿ-ಸಿಸಿಪಿ, ಆರ್‌ಎ ಫ್ಯಾಕ್ಟರ್ ಎರಡೂ ಟೆಸ್ಟ್ ನೆಗೆಟಿವ್ ಅಂದರೆ ರುಮಟಾಯ್ಡ್ ಇಲ್ಲ ಅಂತಾನಾ ಅಂತ ಇನ್ನೊಬ್ಬರು ಕೇಳಿದರು. ಇಲ್ಲ. ಎರಡೂ ನೆಗೆಟಿವ್ ಇರುವ ರೋಗಿಗಳು ಬಹಳ ಜನ ಇದ್ದಾರೆ. ರಿಪೋರ್ಟಿನ ಜೊತೆ ಕೈಯನ್ನೂ ತೋರಿಸಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. "ಹಾಗಾದ್ರೆ ಅಜ್ಜಿಗೆ ಕಲ್ಲಂಗಡಿ ಕೊಡಬಾರದಾ?"

ಧಾರಾಳವಾಗಿ ಕೊಡು ಅಂದೆ. ತಿಂದ ಸಿಟ್ರುಲಿನ್ ಪ್ರೊಟೀನಿನ ಒಳಗೆ ಸೇರಲಾರದು, ಆ ಇಪ್ಪತ್ತು ಅಕ್ಷರದಲ್ಲಿ ಅದು ಇಲ್ಲವಲ್ಲ. ಅದು ಮೂತ್ರಪಿಂಡಕ್ಕೆ ಹೋಗಿ ಅರ್ಜಿನಿನ್ ಆಗುತ್ತದೆ, ಗಿಣ್ಣಿನಲ್ಲಿ ನಡೆಯುವುದಕ್ಕೆ ಸರಿಯಾಗಿ ಉಲ್ಟಾ. ನಮ್ಮ ಅಮ್ಮ ಬೇಸಿಗೆ ಪೂರ್ತಿ ತಿನ್ನುತ್ತಾಳೆ. ಹೆಚ್ಚಿಕೊಡುವುದು ನಾನು. ಆ ದಪ್ಪ ಸಿಪ್ಪೆಗೆ ಚಾಕು ಒತ್ತಲು ಅವಳ ಕೈಗೆ ಈಗಲೂ ಆಗುವುದಿಲ್ಲ.